ಎಂಜಿನ್ನಿಗೆ ಹೊಲಿದ ಹೊದಿಕೆ

ಮಾರ್ಚ್ ೩

ಪ್ರೀತಿಯ ಕಡ್ಡಿಗೆ,

ಹೊಸ ಹೆಸರು ಹುಡುಕಲು ಹೋಗಿಲ್ಲ. ನನ್ನ ಮಗನ ಹೆಂಡತಿಯಾಗಿದ್ದಾಗ ನಿನ್ನನ್ನು ಕಡ್ಡಿ ಎಂದೆ. ಈಗ ಬೇರೇನಾದರೂ ಅನ್ನಬೇಕೆಂದು ಕೋರ್ಟಿನ ಕಾಗದದಲ್ಲಿ ಬರೆದಿಲ್ಲ. ನಿನ್ನ ದೊಡ್ಡಮ್ಮನ ಮನೆಯ ಊಟಕ್ಕೆ ದಪ್ಪಗಾಗಿದ್ದರೆ ತಿಳಿಸು, ಆಗ ಯೋಚಿಸುತ್ತೇನೆ.

ವಿಷಯ ಇದು. ನಮ್ಮ ಕಾರು ಕೆಟ್ಟು ನಿಂತಿದೆ. ಒಂದು ಶಾಲೆಯ ಸಭಾಂಗಣಕ್ಕೆ ಪರದೆ ಹಾಕಿ ವಾಪಸ್ಸು ಬರುವಾಗ ಏರಿನಲ್ಲಿ ಬಿಸಿಯಾಗಿ, ಬಾನೆಟ್ಟಿನಿಂದ ಹಬೆ ಎದ್ದು, ಒಂದು ಸಲ ಕೆಮ್ಮಿ ಸುಮ್ಮನಾಯಿತು. ಮೆಕ್ಯಾನಿಕ್ ಆಯಿಲ್ ನೋಡುವ ಕಡ್ಡಿ ಎಳೆದು ನನ್ನ ಮೂಗಿನ ಮುಂದೆ ಹಿಡಿದ. ಹಾಲು ಜಾಸ್ತಿಯಾದ ಕಾಫಿಯ ಬಣ್ಣ.

“ಒಳಗೆ ಬಿರುಕು ಬಿಟ್ಟು ನೀರು ಸೇರ್ಕೊಂಡಿದೆ ಅಮ್ಮಾ. ಬೇರೆ ಎಂಜಿನ್ ಹಾಕ್ಸೋದೇ ವಾಸಿ” ಅಂದ.

“ಎಲ್ಲಿ ಸಿಗುತ್ತೆ?”

“ಈ ಮಾಡೆಲ್ಲಾ? ಕಂಪನಿಯವರು ಇದನ್ನ ಮರೆತೇ ಬಿಟ್ಟಿದ್ದಾರೆ. ಎಲ್ಲಾದ್ರೂ ದೊಡ್ಡ ಗುಜರಿಯಲ್ಲಿ ಹುಡುಕ್ಬೇಕು.”

ದೊಡ್ಡ ಗುಜರಿ ಎಂದ ಕೂಡಲೇ ನಿನ್ನ ನೆನಪಾಯಿತು. ಇದನ್ನು ಹೊಗಳಿಕೆ ಎಂದೇ ತಿಳಿದುಕೋ. ನೀನು ಕೆಲಸಕ್ಕಿರುವ ಗುಜರಿಯ ಯಜಮಾನರ ಅಂಗಳದಲ್ಲಿ ನಮ್ಮ ಕಾರಿನ ಅಕ್ಕನೋ ತಂಗಿಯೋ ಇರಬಹುದು, ನೋಡುತ್ತೀಯಾ? ಕಾರಿಲ್ಲದೆ ನನ್ನ ಕೆಲಸ ನಡೆಯುವುದಿಲ್ಲ. ಪರದೆಯ ಬಟ್ಟೆಯನ್ನಾದರೂ ಬಸ್ಸಿನಲ್ಲಿ ಒಯ್ಯಬಹುದು, ಸರಳುಗಳನ್ನು ಹೇಗೆ ಒಯ್ಯಲಿ? ನಿನ್ನೆ ಬಸ್ಸಿನಲ್ಲಿ ಒಬ್ಬರ ಕನ್ನಡಕ ಬೀಳಿಸಿದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ’ ಅನ್ನುತ್ತೀಯ, ನಾನೂ ‘ಹೂಂ’ ಅನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಮಗನಿಗೆ ಹೇಳಿಯೇ ಬರೆಯುತ್ತಿದ್ದೇನೆ. “ಬರಿ ಅಮ್ಮ, ಅವಳಷ್ಟು ಸರಿಯಾಗಿ ನೋಡಿ ಕಳಿಸೋರು ಬೇರೆ ಯಾರಿದ್ದಾರೆ” ಅಂದ. ಅಷ್ಟು ಹೇಳಿ ನೀರು ಕುಡಿಯಲು ಎದ್ದು ಹೋದ.

ಇತಿ,
ಅತ್ತೆ


ಮಾರ್ಚ್ ೧೫

ಅತ್ತೆಯವರಿಗೆ ನಮಸ್ಕಾರ.

ದಪ್ಪಗಾಗಿಲ್ಲ.

ಎಂಜಿನ್ ಸಿಕ್ಕಿದೆ. ನಮ್ಮಲ್ಲಿಗೆ ಬರುವ ಪ್ರತಿ ಕಾರಿನ ಮುಂದಿನ ಗಾಜಿನ ಮೇಲೆ ಯಜಮಾನರು ಬಿಳಿ ಪೇಂಟಿನಲ್ಲಿ ಎರಡು ಮಾತು ಬರೆಯುತ್ತಾರೆ. ಪೆಟ್ಟು ಎಲ್ಲಿ ಬಿದ್ದಿದೆ ಎಂಬುದು ಒಂದು, ಬಂದ ದಿನ ಎಂಜಿನ್ ಸ್ಟಾರ್ಟ್ ಆಯಿತೇ ಎಂಬುದು ಇನ್ನೊಂದು. ಅಂಗಳದ ಆ ತುದಿಯ ಸಾಲಿನಲ್ಲಿ ನಿಮ್ಮ ಕಾರಿನದೇ ಮಾಡೆಲ್ ಒಂದು ನಿಂತಿತ್ತು. ಬಣ್ಣ ಬೇರೆ. ಗಾಜಿನ ಮೇಲೆ ‘ಹಿಂದೆ ಪೆಟ್ಟು, ಜೀವ ಇದೆ’ ಎಂದಿತ್ತು. ಹಿಂಬದಿ ಪೂರ್ತಿ ಅಪ್ಪಚ್ಚಿಯಾಗಿದ್ದರೂ ಮುಂದೆ ದೀಪ ಕೂಡ ಒಡೆದಿಲ್ಲ.

ಆದರೂ ಬರೆದದ್ದನ್ನು ನಂಬಿ ಸುಮ್ಮನಾಗಲಿಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದೆ, ಕೆಸರಿಲ್ಲ. ಪ್ಲಗ್ ಬಿಚ್ಚಿ ಒತ್ತಡ ಅಳೆಸಿದೆ. ನಾಲ್ಕೂ ಸಿಲಿಂಡರುಗಳು ಅಣ್ಣತಮ್ಮಂದಿರ ಹಾಗೆ ಹೆಚ್ಚುಕಡಿಮೆ ಒಂದೇ ಸಮ ಇವೆ. ನಿಮ್ಮ ಮೆಕ್ಯಾನಿಕ್ ಕೇಳಿದರೆ ಹೇಳಿ: ಬೆಲ್ಟ್ ಮಾತ್ರ ಹಳೆಯದು, ಅದನ್ನು ಬದಲಾಯಿಸಲೇಬೇಕು. ನಿಮಗಾಗಿ ಎಂಜಿನ್ನನ್ನು ಬೇರೆಯವರಿಗೆ ಕೊಡದೆ ತೆಗೆದಿಡಿಸಿದ್ದೇನೆ. “ಯಾರಿಗಮ್ಮಾ ಇಷ್ಟೊಂದು ಮುತುವರ್ಜಿ?” ಎಂದು ಯಜಮಾನರು ಕೇಳಿದರು. “ನಮ್ಮತ್ತೆಗೆ” ಅಂದೆ. ನನ್ನ ವಿಷಯ ಗೊತ್ತಿದ್ದ ಅವರು ನಕ್ಕು ಒಳಗೆ ಹೋದರು.

ಇನ್ನೊಂದು ಮಾತು. ನಿಮ್ಮ ಮಗ ಮದುವೆಯಾಗಬೇಕೆಂದಿರುವ ದಂತವೈದ್ಯೆಯ ವಿಷಯ ನನ್ನ ಕಿವಿಗೂ ಬಿದ್ದಿದೆ. ಒಳ್ಳೆಯದಾಗಲಿ, ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ಹೊಸಬರು ಮನೆಗೆ ಬರುವ ಹೊತ್ತಿಗೆ ಹಳಬಳ ಪತ್ರ ಬಾಗಿಲಲ್ಲಿ ಬಿದ್ದಿರುವುದು ಚೆನ್ನಾಗಿರುವುದಿಲ್ಲ. ಎಂಜಿನ್ ತಲುಪಿ, ಕೂರಿಸಿ, ಕಾರು ಓಡಿದ ಮೇಲೆ ನಾವು ಬರೆಯುವುದನ್ನು ನಿಲ್ಲಿಸೋಣ. ನೀವು ಬೇಜಾರು ಮಾಡಿಕೊಳ್ಳಬಾರದು.

ಇತಿ,
ಕಡ್ಡಿ


ಮಾರ್ಚ್ ೨೪

ಪ್ರೀತಿಯ ಕಡ್ಡಿಗೆ,

ಪತ್ರ ತಲುಪಿತು. ಕೊನೆಯ ಪ್ಯಾರಾವನ್ನೂ ಓದಿದೆ. ಎಂಜಿನ್ ಮೊದಲು ಬರಲಿ.

ಕೆಲವು ಪ್ರಶ್ನೆಗಳಿವೆ. ಎಂಜಿನ್ನನ್ನು ನಿಲ್ಲಿಸಿ ಕಳಿಸುತ್ತಾರೋ ಮಲಗಿಸಿ ಕಳಿಸುತ್ತಾರೋ? ದಾರಿಯಲ್ಲಿ ಧೂಳು ಕೂತರೆ ಏನು ಗತಿ? ಒಳಗಿನ ಆಯಿಲ್ ಹಾಗೇ ಬಿಡುತ್ತಾರೋ? ಆ ಕಾರಿನವರಿಗೆ ಪೆಟ್ಟಾಯಿತೇ? ಇದನ್ನು ಮೆಕ್ಯಾನಿಕ್ ಕೇಳಿಸಿದ್ದಲ್ಲ, ನಾನೇ ಕೇಳುತ್ತಿದ್ದೇನೆ. ಬೇರೆಯವರ ಸಂಕಟದಿಂದ ಬಂದ ವಸ್ತುವನ್ನು ಮುಂದಿಟ್ಟುಕೊಂಡು ಓಡಾಡುವುದಕ್ಕೆ ಮೊದಲು ತಿಳಿದಿರಬೇಕು.

ದಂತವೈದ್ಯೆ ಎರಡು ಸಲ ಬಂದಿದ್ದಳು. ಒಳ್ಳೆಯ ಹುಡುಗಿ. ನಗುವಾಗ ಎದುರಿನವರ ಹಲ್ಲು ನೋಡುತ್ತಾಳೆ. ಹಾಗಾಗಿ ಅವಳ ಮುಂದೆ ನಾನು ತುಟಿ ಮುಚ್ಚಿಕೊಂಡೇ ನಗುತ್ತೇನೆ. ನಾನು ಗಂಭೀರ ಸ್ವಭಾವದವಳು ಎಂದು ಮಗನ ಹತ್ತಿರ ಹೇಳಿದಳಂತೆ.

ಇತಿ,
ಅತ್ತೆ


ಏಪ್ರಿಲ್ ೧೦

ಅತ್ತೆಯವರಿಗೆ ನಮಸ್ಕಾರ.

ಆ ಕಾರಿನಲ್ಲಿ ಯಾರೂ ಇರಲಿಲ್ಲ. ರಸ್ತೆ ಬದಿ ನಿಲ್ಲಿಸಿ ಹಣ್ಣು ಕೊಳ್ಳಲು ಇಳಿದಿದ್ದರಂತೆ, ಹಿಂದಿನಿಂದ ಲಾರಿ ಬಂದು ಗುದ್ದಿದೆ. ನಿಶ್ಚಿಂತೆಯಿಂದ ಓಡಿಸಿ.

ಇವತ್ತು ಬೆಳಗ್ಗೆ ಎಂಜಿನ್ ಲಾರಿ ಹತ್ತಿತು. ಮಲಗಿಸಿಲ್ಲ, ಕಾರಿನಲ್ಲಿ ಹೇಗಿತ್ತೋ ಹಾಗೆಯೇ ನಿಲ್ಲಿಸಿದ್ದೇವೆ. ಆಯಿಲ್, ನೀರು ಎರಡನ್ನೂ ಪೂರ್ತಿ ಬಸಿದು ತೆಗೆದೆವು. ಜಿನುಗುವ ಯಂತ್ರವನ್ನು ಲಾರಿ ಆಫೀಸಿನವರು ಮುಟ್ಟುವುದಿಲ್ಲ. ಬಾಯಿ ಬಿಟ್ಟಿದ್ದ ತೂತುಗಳಿಗೆಲ್ಲ ಬಟ್ಟೆ ತುರುಕಿದೆ. ನಿಮ್ಮ ಮೆಕ್ಯಾನಿಕ್ ಒಂದನ್ನೂ ಮರೆಯದೆ ಎಳೆದು ತೆಗೆಯಬೇಕು. ಮರೆಯಬಾರದೆಂದೇ ಕೆಂಪು ಬಟ್ಟೆ ಹಾಕಿದ್ದೇನೆ. ಆಮೇಲೆ ದಪ್ಪ ಹಲಗೆಯ ಪೀಠ ಮಾಡಿಸಿ, ಅದಕ್ಕೆ ಬೋಲ್ಟ್ ಹಾಕಿ ಬಿಗಿಸಿದರು.

ಉಳಿದದ್ದು ಹೊದಿಕೆ. ಇಲ್ಲಿಯವರು ಪ್ಲಾಸ್ಟಿಕ್ ಸುತ್ತಿ ಅಂಟುಪಟ್ಟಿ ಎಳೆದು ಕೈತೊಳೆದುಕೊಳ್ಳುತ್ತಾರೆ. ಪ್ಲಾಸ್ಟಿಕ್ಕಿನೊಳಗೆ ಬಟ್ಟೆ ಬೆವರುತ್ತದೆ ಎಂದು ನೀವು ಹೇಳುತ್ತಿದ್ದಿರಿ, ಕಬ್ಬಿಣವೂ ಬೆವರುತ್ತದೆ. ಕ್ಯಾನ್ವಾಸ್ ತರಿಸಿ, ಅಳೆದು, ಭಾನುವಾರ ಶೆಡ್ಡಿನಲ್ಲಿ ಕೂತು ಹೊಲಿದೆ. ನಾಲ್ಕು ಮೂಲೆಗೂ ಮಡಿಕೆ ಕೊಟ್ಟಿದ್ದೇನೆ. ಯಜಮಾನರು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಮದುವೆಗೆ ಹೊರಡಿಸ್ತಿದ್ದೀಯೇನಮ್ಮ ಇದನ್ನ?” ಅಂದರು. ಇಂಥ ಕೆಲಸ ಕೈಗೆ ಬಂದು ಬಹಳ ದಿನವಾಗಿತ್ತು.

ಲಾರಿ ನೇರವಾಗಿ ನಿಮ್ಮ ಊರಿಗೇ ಬರುತ್ತದೆ. ವಾರದೊಳಗೆ ಸಿಗಬೇಕು. ತಲುಪಿದ ಕೂಡಲೇ ತಿಳಿಸಿ.

ಇತಿ,
ಕಡ್ಡಿ


ಮೇ ೫

ಪ್ರೀತಿಯ ಕಡ್ಡಿಗೆ,

ಎಂಜಿನ್ ಎಲ್ಲಿದೆ ಎಂದು ನಿನ್ನೆ ಗೊತ್ತಾಯಿತು. ಸಮುದ್ರದ ದಡದಲ್ಲಿದೆ. ಹೋಟೆಲಿನಲ್ಲಿ ಇಳಿದುಕೊಂಡಿದೆ.

ಕೂತುಕೊಂಡು ಓದು. ಲಾರಿ ಆಫೀಸಿಗೆ ನಾನು ಎಷ್ಟು ಸಲ ಅಲೆದೆ ಎಂದು ಹೇಳುವುದಿಲ್ಲ. “ಬಂದಿಲ್ಲ ಅಮ್ಮಾ, ಬಂದ್ರೆ ಹೇಳಲ್ವಾ?” ಎಂದೇ ಅನ್ನುತ್ತಿದ್ದರು. ನಿನ್ನೆ ಹೋಟೆಲಿನ ಮ್ಯಾನೇಜರರ ಪತ್ರ ಬಂತು. ನೆನಪಿದೆಯಲ್ಲ, ಪ್ರತಿ ಬೇಸಿಗೆಗೂ ಊಟದ ಹಾಲಿಗೆ ಹೊಸ ಪರದೆ ಹಾಕಿಸುವವರು. ಅದರಲ್ಲಿ ಹೀಗಿತ್ತು: ‘ತಾವು ಕಳುಹಿಸಿದ ಪರದೆಗಳ ಗಂಟು ತಲುಪಿದೆ. ನಮ್ಮ ಆರು ಮಂದಿ ಸೇರಿ ಒಳಗೆ ತಂದಿಟ್ಟಿದ್ದಾರೆ. ಈ ಬಾರಿ ಬಟ್ಟೆ ಇಷ್ಟು ದಪ್ಪ ಬೇಕೆಂದು ನಾವು ಕೇಳಿರಲಿಲ್ಲ. ಗಂಟಿನ ತಳದಲ್ಲಿ ಎಣ್ಣೆಯಂಥದ್ದೇನೋ ಕಾಣುತ್ತಿರುವುದರಿಂದ ಬಿಚ್ಚಲು ಅಂಜಿದ್ದೇವೆ.’

ಕ್ಯಾನ್ವಾಸಿನ ಮೇಲಂಚಿಗೆ ನೀನು ನೀಲಿ ದಾರದಲ್ಲಿ ಗುಣಿಸು ಗುರುತು ಹಾಕಿದ್ದೀಯ, ಅಲ್ಲವೇ? ನಾವು ಹೊರಗೆ ಕಳಿಸುವ ಪ್ರತಿ ಗಂಟಿಗೂ ಯಾವ ಕಡೆ ಮೇಲು ಎಂದು ತಿಳಿಯಲಿ ಎಂದು ಹಾಕುವ ಗುರುತು. ನಮ್ಮ ಊರಿನ ಲಾರಿ ಆಫೀಸಿನಲ್ಲಿ ಗಂಟು ಇಳಿಸುವವನು ವರ್ಷಗಟ್ಟಲೆ ಆ ಗುರುತು ನೋಡಿಯೇ ಕೆಲಸ ಮಾಡಿದವನು, ವಿಳಾಸ ಓದುವವನಲ್ಲ. ನಿನ್ನ ಲಾರಿಯಿಂದ ಎಂಜಿನ್ ಇಳಿದ ಕೂಡಲೇ ‘ಪರದೆ ಅಮ್ಮನ ಗಂಟು, ಬೇಸಿಗೆ, ಅಂದರೆ ಹೋಟೆಲಿಗೆ’ ಎಂದು ತೀರ್ಮಾನಿಸಿ, ಹೊರಡುವ ಸಾಲಿಗೆ ತಳ್ಳಿದ್ದಾನೆ. “ಅಷ್ಟು ಭಾರ ಇತ್ತಲ್ಲ, ಅನುಮಾನ ಬರ್ಲಿಲ್ವೇನಪ್ಪ?” ಎಂದು ಕೇಳಿದೆ. “ನಿಮ್ಮ ಪರದೆ ಗಟ್ಟಿ ಅಂತ ಊರೇ ಹೇಳುತ್ತಲ್ಲ ಅಮ್ಮಾ” ಅಂದ.

ಮಗ ಕಚೇರಿಯಿಂದ ಬಂದು ಪತ್ರ ಓದಿ, ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅವನು ಹಾಗೆ ನಕ್ಕದ್ದನ್ನು ಕಂಡು ಎಷ್ಟೋ ಕಾಲವಾಗಿತ್ತು.

ಎಂಜಿನ್ ವಾಪಸ್ಸು ಬರಲು ಇನ್ನೂ ಸ್ವಲ್ಪ ಕಾಲ ಹಿಡಿಯುತ್ತದೆ. ನನಗೇನೂ ಅವಸರವಿಲ್ಲ.

ಇತಿ,
ಅತ್ತೆ


ಮೇ ೧೪

ಅತ್ತೆಯವರಿಗೆ ನಮಸ್ಕಾರ.

ಪತ್ರವನ್ನು ಆಫೀಸಿನಲ್ಲಿ ಓದಿದ್ದು ತಪ್ಪಾಯಿತು. ನಗು ತಡೆಯಲಾರದೆ ಎದ್ದು ಟೈರುಗಳ ಹಿಂದೆ ಹೋಗಿ ನಿಂತುಕೊಂಡೆ.

ಗುರುತು ಹಾಕಿದ್ದು ನನಗೆ ಗೊತ್ತೇ ಆಗಲಿಲ್ಲ. ಕೊನೆಯ ಹೊಲಿಗೆ ಮುಗಿಸಿ, ದಾರ ಬದಲಾಯಿಸಿ, ಎರಡು ಸಲ ಸೂಜಿ ಆಡಿಸಿ ಗಂಟು ಹಾಕಿದೆ, ಅಷ್ಟೇ ನೆನಪು. ನೀಲಿ ದಾರದ ಉಂಡೆ ನನ್ನ ಚೀಲದಲ್ಲಿ ಯಾಕಿತ್ತು ಎಂದು ಕೇಳಬೇಡಿ.

ತಳದಲ್ಲಿ ಕಂಡ ಎಣ್ಣೆಗೆ ಹೆದರಬೇಕಿಲ್ಲ. ಎಷ್ಟು ಬಸಿದರೂ ಹಳೆಯ ಎಂಜಿನ್ ಒಂದಿಷ್ಟನ್ನು ಒಳಗೆ ಉಳಿಸಿಕೊಂಡಿರುತ್ತದೆ. ಮ್ಯಾನೇಜರರಿಗೆ ನನ್ನ ಪರವಾಗಿ ಕ್ಷಮೆ ಕೇಳಿ. ಅವರ ನೆಲಕ್ಕೆ ಕಲೆಯಾಗಿದ್ದರೆ ಮೊದಲು ಮರದ ಹೊಟ್ಟು ಉದುರಿಸಿ, ಆಮೇಲೆ ಸೋಪು ಹಾಕಲಿ.

ಇತಿ,
ಕಡ್ಡಿ


ಜೂನ್ ೮

ಪ್ರೀತಿಯ ಕಡ್ಡಿಗೆ,

ಎಂಜಿನ್ ಮನೆಗೆ ಬಂತು. ಹೊಲಿಗೆಯ ಕೋಣೆಯಲ್ಲಿ, ಕತ್ತರಿಸುವ ಮೇಜಿನ ಪಕ್ಕದಲ್ಲಿದೆ. ಹೊದಿಕೆಯನ್ನು ಇನ್ನೂ ಬಿಚ್ಚಿಲ್ಲ. ಮಡಿಕೆ ಚೆನ್ನಾಗಿ ಕೊಟ್ಟಿದ್ದೀಯ, ಎಡಗಡೆಯ ಹಿಂದಿನ ಮೂಲೆಯಲ್ಲಿ ಮಾತ್ರ ಸ್ವಲ್ಪ ಅವಸರ ಮಾಡಿದ್ದೀಯ.

ಆದರೆ ಕೂರಿಸಲು ಆಗುತ್ತಿಲ್ಲ. ಗ್ಯಾಸ್ಕೆಟ್ ಸಿಗುತ್ತಿಲ್ಲವಂತೆ. ಗ್ಯಾಸ್ಕೆಟ್ ಎಂದರೆ ಎರಡು ಕಬ್ಬಿಣದ ನಡುವೆ ಇಡುವ ತೆಳುವಾದ ಹಾಳೆ ಎಂದು ಮೆಕ್ಯಾನಿಕ್ ವಿವರಿಸಿದ. ಪರದೆಗೆ ಒಳಬಟ್ಟೆ ಇದ್ದ ಹಾಗೆ. ಅದು ಸಿಗುವ ತನಕ ಕಾಯಬೇಕು, ಬೇರೆ ದಾರಿಯಿಲ್ಲ. ಅಲ್ಲಿ ಗಾಳಿ ಹೇಗಿದೆ? ನಿನ್ನ ದೊಡ್ಡಮ್ಮನ ಮಂಡಿ ನೋವು ಹೇಗಿದೆ? ವಿವರವಾಗಿ ಬರೆ.

ಇತಿ,
ಅತ್ತೆ


ಜೂನ್ ೧೬

ಅತ್ತೆಯವರಿಗೆ ನಮಸ್ಕಾರ.

ಇದರ ಜೊತೆಗೆ ಒಂದು ಪೂರ್ತಿ ಸೆಟ್ ಗ್ಯಾಸ್ಕೆಟ್ ಕಳಿಸಿದ್ದೇನೆ. ಬೆಲ್ಟನ್ನೂ ಇಟ್ಟಿದ್ದೇನೆ. ಈ ಸಲ ಹೊಲಿದಿಲ್ಲ, ರಟ್ಟಿನ ಪೆಟ್ಟಿಗೆಗೆ ಹಾಕಿ ವಿಳಾಸವನ್ನು ದಪ್ಪಕ್ಷರದಲ್ಲಿ ಬರೆದಿದ್ದೇನೆ. ಇನ್ನು ಎರಡು ದಿನದ ಕೆಲಸ, ಅಷ್ಟೇ.

ದೊಡ್ಡಮ್ಮ ಈಗ ಮೆಟ್ಟಿಲು ಹತ್ತುತ್ತಾರೆ, ಆದರೆ ಪ್ರತಿ ಮೆಟ್ಟಿಲಿಗೂ ನನ್ನನ್ನು ಬೈಯುತ್ತಾರೆ. ಗಾಳಿ ಇದೆ.

ಇತಿ,
ಕಡ್ಡಿ


ಜುಲೈ ೨

ಪ್ರೀತಿಯ ಕಡ್ಡಿಗೆ,

ಪೆಟ್ಟಿಗೆ ತಲುಪಿರಬೇಕು, ನೋಡಬೇಕು. ಈ ನಡುವೆ ಮೆಕ್ಯಾನಿಕ್‌ಗೆ ಸೊಂಟ ಹಿಡಿದುಕೊಂಡಿದೆ. ಅವನಿಗೆ ವಾಸಿಯಾದರೂ ಎಂಜಿನ್ ಎತ್ತುವ ಕಪ್ಪಿ ಬೇರೆಯವರ ಹತ್ತಿರ ಇದೆಯಂತೆ. ಮಳೆಯೂ ಬರುವ ಹಾಗಿದೆ. ಯಾವುದಕ್ಕೂ ಕಾಲ ಕೂಡಿ ಬರಬೇಕು.

ನೀನು ಅಲ್ಲಿ ಗುಜರಿಯಲ್ಲಿ ಕೈಗವಸು ಹಾಕಿಕೊಳ್ಳುತ್ತೀಯೋ ಇಲ್ಲವೋ, ಬರೆದೇ ಇಲ್ಲ.

ಇತಿ,
ಅತ್ತೆ


ಜುಲೈ ೧೧

ನಮಸ್ಕಾರ.

ನನ್ನ ಅಕ್ಷರ ನೋಡಿ ನಿನಗೆ ಆಶ್ಚರ್ಯವಾಗಬಹುದು. ಜೊತೆಗಿದ್ದ ಅಷ್ಟೂ ವರ್ಷ ನಿನಗೆ ಒಂದು ಪತ್ರವನ್ನೂ ಬರೆದವನಲ್ಲ. ಅಮ್ಮನ ಕಾರಣಕ್ಕೆ ಬರೆಯುತ್ತಿದ್ದೇನೆ.

ಮೆಕ್ಯಾನಿಕ್‌ನ ಸೊಂಟಕ್ಕೆ ಏನೂ ಆಗಿಲ್ಲ. ನಿನ್ನೆ ಅವನು ಲಾರಿಯ ಟೈರು ಹೊತ್ತುಕೊಂಡು ರಸ್ತೆ ದಾಟುತ್ತಿದ್ದ. ನಿಲ್ಲಿಸಿ ಕೇಳಿದರೆ, “ಗ್ಯಾಸ್ಕೆಟ್ ಬಂದಿಲ್ಲ ಅಂತಾರಲ್ಲ ಸಾರ್ ಅಮ್ಮ? ನಾನು ಯಾವಾಗಿನಿಂದ್ಲೋ ರೆಡಿ” ಅಂದ. ಮನೆಗೆ ಬಂದು ಹುಡುಕಿದೆ. ನೀನು ಕಳಿಸಿದ ಪೆಟ್ಟಿಗೆ ಗುಂಡಿಗಳ ಡ್ರಾಯರಿನಲ್ಲಿ, ಹಳೆಯ ಲೇಸುಗಳ ಕೆಳಗಿತ್ತು. ಬಿಚ್ಚಿಲ್ಲ.

“ಇದೇನಮ್ಮ?” ಎಂದು ಕೇಳಿದೆ.

“ನನ್ನ ಕಾರು, ನನ್ನ ಎಂಜಿನ್. ಯಾವಾಗ ಬೇಕೋ ಆವಾಗ ಹಾಕಿಸ್ತೀನಿ. ನಿನಗ್ಯಾಕೆ ಅಧಿಕಪ್ರಸಂಗ?”

ಅಮ್ಮ ಈಗಲೂ ಸರಳುಗಳನ್ನು ಹೊತ್ತುಕೊಂಡು ಬಸ್ಸಿನಲ್ಲೇ ಓಡಾಡುತ್ತಿದ್ದಾಳೆ. ಎರಡು ಕಡೆಯ ಕೆಲಸ ಕೈ ತಪ್ಪಿದೆ. ಆದರೂ ಅಂಚೆಯವನು ಬರುವ ಹೊತ್ತಿಗೆ ಕಿಟಕಿಯ ಪಕ್ಕದ ಮಷಿನ್ನಿಗೆ ಬದಲಾಯಿಸುತ್ತಾಳೆ. ಕಾರು ಓಡಿದರೆ ಪತ್ರ ನಿಲ್ಲುತ್ತದೆ ಎಂದು ನೀನು ಬರೆದಿದ್ದೀಯಂತೆ. ಹಾಗೆಂದು ಅವಳು ಹೇಳಿದ್ದು ನನಗಲ್ಲ, ದಂತವೈದ್ಯೆಗೆ. ಹಲ್ಲು ತೋರಿಸಲು ಕೊನೆಗೂ ಒಪ್ಪಿ ಕುರ್ಚಿಯಲ್ಲಿ ಕೂತವಳು, ಬಾಯಿ ತೆರೆದ ಮೇಲೆ ಅದನ್ನೂ ಹೇಳಿಬಿಟ್ಟಳಂತೆ.

ಈ ಪತ್ರ ಬರೆ ಎಂದದ್ದೂ ದಂತವೈದ್ಯೆಯೇ. “ಅವರಿಬ್ಬರು ಬರ್ಕೊಂಡ್ರೆ ನನಗೇನ್ರೀ ಕಷ್ಟ? ಹೊಲಿಗೆ ಕಲಿ ಅಂತ ನನ್ನ ಕೂರಿಸದೆ ಇದ್ರೆ ಸಾಕು” ಅಂದಳು. ನನಗೂ ಅಭ್ಯಂತರವಿಲ್ಲ. ಉಳಿದದ್ದು ನಿನ್ನ ಇಷ್ಟ.

ಎಂಜಿನ್ ನೋಡಿ ಕಳಿಸಿದ್ದಕ್ಕೆ ನನ್ನ ವಂದನೆಗಳು.


ಜುಲೈ ೧೯

ಅತ್ತೆಯವರಿಗೆ ನಮಸ್ಕಾರ.

ಗುಂಡಿಗಳ ಡ್ರಾಯರಿನಿಂದ ಪೆಟ್ಟಿಗೆ ತೆಗೆಯಿರಿ.

ಯಾರು ಹೇಳಿದರು ಎಂದು ಕೇಳಬೇಡಿ, ಹೇಳಿದವರ ಮೇಲೆ ರೇಗಲೂ ಬೇಡಿ. ಮಾರ್ಚಿನಲ್ಲಿ ನಾನು ಬರೆದ ಕೊನೆಯ ಪ್ಯಾರಾವನ್ನು ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ. ಹೊಸಬರಿಗೆ ಮುಜುಗರವಾದೀತೆಂದು ಬರೆದದ್ದು ಸುಳ್ಳಲ್ಲ, ಅರ್ಧ ನಿಜ. ಇನ್ನರ್ಧ ಇದು: ಒಂದು ದಿನ ನೀವಾಗಿಯೇ ಬರೆಯುವುದನ್ನು ಕಡಿಮೆ ಮಾಡುತ್ತೀರಿ, ಅದನ್ನು ಕಾಯುತ್ತ ಕೂರುವುದಕ್ಕಿಂತ ನಾನೇ ಒಂದು ದಿನ ಗೊತ್ತು ಮಾಡಿಬಿಡೋಣ ಅನ್ನಿಸಿತ್ತು. ಕೆಲಸಕ್ಕಾಗಿ ನೀವು ಸರಳು ಹೊತ್ತು ಬಸ್ಸು ಹತ್ತುವವರು ಎಂದು ಗೊತ್ತಿತ್ತು. ನನ್ನ ಪತ್ರಕ್ಕಾಗಿ ಹತ್ತುತ್ತೀರಿ ಎಂದು ಗೊತ್ತಿರಲಿಲ್ಲ.

ಎಂಜಿನ್ನನ್ನು ಹೀಗೆ ಇಟ್ಟುಕೊಂಡು ಕೂತರೆ ಒಳಗೆ ತುಕ್ಕು ಹಿಡಿಯುತ್ತದೆ. ನಾಳೆಯೇ ಮೆಕ್ಯಾನಿಕ್‌ನನ್ನು ಕರೆಸಿ. ಮೊದಲು ಹೊಸ ಆಯಿಲ್ ಹಾಕಲಿ, ಪ್ಲಗ್ ಬಿಚ್ಚಿ ಕೈಯಿಂದ ನಾಲ್ಕಾರು ಸುತ್ತು ತಿರುಗಿಸಲಿ, ಆಮೇಲೆ ಮಾತ್ರ ಕೀ ತಿರುಗಿಸಿ. ಕೆಂಪು ಬಟ್ಟೆಗಳು ಒಟ್ಟು ಒಂಬತ್ತು. ಅಷ್ಟೂ ಹೊರಗೆ ಬಂದವೇ ಎಂದು ನೀವೇ ನಿಂತು ನೋಡಿ.

ಆಮೇಲೆ ನನಗೆ ಪತ್ರ ಬರೆಯಿರಿ. ಗ್ಯಾಸ್ಕೆಟ್, ಬೆಲ್ಟ್, ಸೊಂಟ ನೋವು ಯಾವುದೂ ಬೇಡ. ಅವು ನನಗೆ ಆಫೀಸಿನಲ್ಲೇ ಬೇಕಾದಷ್ಟಿವೆ. ಮನೆಯ ವಿಷಯ ಬರೆಯಿರಿ.

ಕೈಗವಸು ಹಾಕಿಕೊಳ್ಳುತ್ತೇನೆ.

ಇತಿ,
ಕಡ್ಡಿ


ಆಗಸ್ಟ್ ೯

ಪ್ರೀತಿಯ ಕಡ್ಡಿಗೆ,

ಪಕ್ಕದ ಮನೆಯ ಬೆಕ್ಕು ನಮ್ಮ ಒಳಬಟ್ಟೆಯ ಸುರುಳಿಗಳ ಮೇಲೆ ಮೂರು ಮರಿ ಹಾಕಿದೆ. ಕೆನೆ ಬಣ್ಣದ ಬಟ್ಟೆಯನ್ನೇ ಆರಿಸಿಕೊಂಡಿದೆ, ಕಂದು ಬಣ್ಣದ್ದು ಪಕ್ಕದಲ್ಲೇ ಇತ್ತು. ಎಬ್ಬಿಸಲು ಹೋದರೆ ನನ್ನ ಮುಖವನ್ನೇ ನೋಡುತ್ತದೆ. ಕೆನೆ ಬಣ್ಣ ಸದ್ಯಕ್ಕೆ ಸಿಗುವುದಿಲ್ಲ ಎಂದು ಇಬ್ಬರು ಗಿರಾಕಿಗಳಿಗೆ ಹೇಳಿದ್ದೇನೆ.

ದಂತವೈದ್ಯೆ ನನ್ನ ಎರಡು ಹಲ್ಲು ಕಿತ್ತಳು. ನೋವೇ ಆಗಲಿಲ್ಲ, ಅದನ್ನು ಅವಳಿಗೆ ಹೇಳಿಲ್ಲ. ಪ್ರತಿಯಾಗಿ ಅವಳ ಕ್ಲಿನಿಕ್ಕಿಗೆ ಪರದೆ ಹೊಲಿದುಕೊಟ್ಟೆ. ಕೆಂಪು ಬೇಡ, ಬಿಳಿಯೂ ಬೇಡ ಅಂದಳು. ಯಾಕೆಂದು ನೀನೇ ಊಹಿಸು. ಕೊನೆಗೆ ಎಲೆಹಸಿರು ಗೊತ್ತಾಯಿತು. ಸೂಜಿಗೆ ದಾರ ಪೋಣಿಸಲು ತಾನೇ ಮುಂದೆ ಬಂದಳು, ನಾನೇನೂ ಕೂರಿಸಲಿಲ್ಲ. ಒಂದೇ ಸಲಕ್ಕೆ ಪೋಣಿಸಿದಳು. ಸಣ್ಣ ತೂತಿನ ಕೆಲಸ ಅಭ್ಯಾಸವಲ್ಲವೇ. ಹೋದ ತಿಂಗಳ ಕೊನೆಗೆ ಮಗನೂ ಅವಳೂ ಹೋಗಿ ಮದುವೆ ರಿಜಿಸ್ಟರ್ ಮಾಡಿಸಿಕೊಂಡು ಬಂದರು. ನಿನಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಹೇಳದಿದ್ದರೆ ಇದು ಮನೆಯ ವಿಷಯ ಹೇಗಾದೀತು, ಅದಕ್ಕೇ ಹೇಳಿದೆ.

ಮಗ ಈಗ ಸ್ನಾನ ಮಾಡುವಾಗ ಹಾಡುತ್ತಾನೆ. ಸ್ವರ ಮೊದಲಿನಷ್ಟೇ ಕೆಟ್ಟದಾಗಿದೆ. ನಿನಗೆ ಅಲ್ಲಿ ಆ ಕಷ್ಟವಿಲ್ಲ.

ಹೋಟೆಲಿನ ಮ್ಯಾನೇಜರರು ಮುಂದಿನ ಬೇಸಿಗೆಗೆ ಈಗಲೇ ಹೇಳಿಟ್ಟಿದ್ದಾರೆ. ‘ಇಬ್ಬರು ಎತ್ತುವಷ್ಟು ಭಾರವಿದ್ದರೆ ಸಾಕು’ ಎಂದು ಬರೆದಿದ್ದಾರೆ.

ಇಷ್ಟು ತಿಂಗಳಿಂದ ಎಂಜಿನ್ ಎಂಜಿನ್ ಎಂದು ಬರೆದು, ಒಂದು ಮಾತು ಕೇಳಲೇ ಇಲ್ಲ ನೋಡು. ನಿನ್ನ ಕೋಣೆಯ ಕಿಟಕಿಗೆ ಪರದೆ ಇದೆಯೇ? ಬೆಳಗಿನ ಬಿಸಿಲು ಬರುತ್ತದೋ ಸಂಜೆಯದೋ? ನಿನಗೆ ಬಿಸಿಲು ಮುಖಕ್ಕೆ ಬಿದ್ದರೆ ನಿದ್ದೆ ಹಿಡಿಯುವುದಿಲ್ಲ. ದೊಡ್ಡಮ್ಮನನ್ನು ಕೇಳಿದೆ ಎಂದು ಹೇಳು.

ಇತಿ,
ಅತ್ತೆ

ತಾ.ಕ. ಎಂಜಿನ್ ಹೋದ ತಿಂಗಳೇ ಕೂರಿಸಿದರು. ಚೆನ್ನಾಗಿ ಓಡುತ್ತಿದೆ.